ಹಿತ್ತಲ ಗೆಣಸು: ತಳಿಯ ಆಯ್ಕೆ, ಬಳ್ಳಿಯ ಉಳಿವು

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಮಕರ ಸಂಕ್ರಾಂತಿಯ ದಿನ ಗೆಣಸು, ಅವರೆಕಾಯಿ, ಕಡಲೆಕಾಯಿಗಳನ್ನು ಬೇಯಿಸಿ, ಎಳ್ಳು-ಬೆಲ್ಲ ಮತ್ತು ಕಬ್ಬಿನೊಡನೆ ನೆರೆಹೊರೆಗೆ ಹಂಚಿ ತಿನ್ನುವ ಪದ್ಧತಿ ಮೈಸೂರು ಸೀಮೆಯಲ್ಲಿ ಬಹು ಹಿಂದಿನಿಂದ ನಡೆದುಬಂದಿದೆ. ಸುಗ್ಗಿಯ ಹಬ್ಬದ ತಟ್ಟೆಯಲ್ಲಿರುವುದು ಆ ಮನೆಯ ಹೊಲದಲ್ಲಿ, ಹಿತ್ತಲಿನಲ್ಲಿ ಬೆಳೆದದ್ದಾಗಿರಬೇಕು ಎಂಬುದು ಆ ಪದ್ಧತಿಯ ಹಿಂದಿರುವ ಸಹಜ ನಿರೀಕ್ಷೆ. ಅವರೆಯ ಮಟ್ಟಿಗೆ ಆ ನಿರೀಕ್ಷೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಗೆಣಸಿನ ಮಟ್ಟಿಗೆ ಅದು ಸಡಿಲಗೊಂಡಿದೆ. ಹಬ್ಬದ ಹಿಂದಿನ ಸಂತೆಯಲ್ಲಿ ಎರಡು ಕಿಲೋ ಗೆಣಸನ್ನು ತೂಗಿಸಿ ತರುವ ಮನೆಗಳಿಗೆ ಅದು ಯಾವ ತಳಿ, ಎಲ್ಲಿ ಬೆಳೆದದ್ದು ಎಂಬುದು ತಿಳಿಯುವುದಿಲ್ಲ. ತಿಳಿಯುವ ಅಗತ್ಯವೂ ಕಾಣುವುದಿಲ್ಲ.

ಗೆಣಸು ದೊಡ್ಡ ಬೆಳೆಯಲ್ಲ. ರಾಗಿ, ಭತ್ತ, ಹೊಗೆಸೊಪ್ಪುಗಳ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಆದರೆ ಒಂದು ಮನೆಯ ಹಿತ್ತಲಿನಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗದಲ್ಲಿ, ಸಾಲವಿಲ್ಲದೆ, ಅಂಗಡಿಯ ಬೀಜವಿಲ್ಲದೆ, ಮನೆಯವರೇ ತೀರ್ಮಾನಿಸಿ ಬೆಳೆಯಬಹುದಾದ ಆಹಾರ ಅದು. ಯಾವ ತಳಿಯನ್ನು ಆರಿಸಬೇಕು, ಹೇಗೆ ಬೆಳೆಯಬೇಕು, ಅದರ ಬಳ್ಳಿಯನ್ನು ವರ್ಷದಿಂದ ವರ್ಷಕ್ಕೆ ಹೇಗೆ ಉಳಿಸಬೇಕು ಎಂಬ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

ನಾಲ್ಕು ತಾಲ್ಲೂಕುಗಳ ನೆಲ ಮತ್ತು ದುಡಿಮೆ

ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೆಲದ ಗುಣ ಒಂದೇ ಅಲ್ಲ. ಕೊಡಗಿನ ಗಡಿಯಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ. ಪಿರಿಯಾಪಟ್ಟಣ, ಹುಣಸೂರು ಮತ್ತು ಎಚ್.ಡಿ. ಕೋಟೆಯ ಬಹುಭಾಗದಲ್ಲಿ ಕೆಂಪು ಮರಳುಮಿಶ್ರಿತ ಮಣ್ಣಿದ್ದು, ಬೇಸಾಯ ಮಳೆಯನ್ನೇ ನಂಬಿದೆ. ಕೆ.ಆರ್. ನಗರದಲ್ಲಿ ಕಾವೇರಿಯ ನಾಲೆಗಳ ಕೆಳಗೆ ಗದ್ದೆಗಳಿವೆ. ಎಚ್.ಡಿ. ಕೋಟೆಯ ಸೀಮೆಯಲ್ಲಿ ಕಬಿನಿ, ತಾರಕ, ನುಗು, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿದ್ದರೂ ಕಾಡಂಚಿನ ಅನೇಕ ಊರುಗಳ ಹೊಲಗಳು ಮಳೆಯಾಶ್ರಿತವೇ.

ಕೆಂಪು ಮರಳುಮಿಶ್ರಿತ ಮಣ್ಣು ಗೆಣಸಿಗೆ ಅತ್ಯಂತ ಒಪ್ಪುವ ಮಣ್ಣು. ನೀರು ಬಸಿದುಹೋಗುತ್ತದೆ, ಬೇರು ಸಲೀಸಾಗಿ ದಪ್ಪವಾಗುತ್ತದೆ, ಕೀಳುವಾಗ ಮುರಿಯುವುದಿಲ್ಲ. ವಿಪರ್ಯಾಸವೆಂದರೆ ಅದೇ ಮಣ್ಣು ಹೊಗೆಸೊಪ್ಪಿಗೂ ಒಪ್ಪುತ್ತದೆ. ಈ ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕಿನ ನೆಲೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೇ ಇದೆ. ಮುಂಗಾರಿಗೆ ಮುನ್ನ ಮಡಿ, ಮಳೆ ಬಿದ್ದೊಡನೆ ನಾಟಿ, ಆಮೇಲೆ ಎಲೆ ಮುರಿಯುವುದು, ಕೋಲಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹಗಲಿರುಳು ಸೌದೆ ಉರಿಸಿ ಹದಮಾಡುವುದು, ಕೊನೆಗೆ ಹರಾಜು ಕಟ್ಟೆ: ವರ್ಷದ ಅರ್ಧಭಾಗ ಮನೆಮಂದಿಯೆಲ್ಲರ ದುಡಿಮೆ ಅದಕ್ಕೇ ಸಲ್ಲುತ್ತದೆ. ಸೌದೆಗಾಗಿ ಮರಗಳ ಮೇಲೆ, ಕಾಡಿನ ಮೇಲೆ ಬೀಳುವ ಒತ್ತಡದ ವಿಚಾರ ಈ ಪ್ರದೇಶದ ಜನರಿಗೆ ಹೊಸದಲ್ಲ.

ಹೊಗೆಸೊಪ್ಪನ್ನು ನಾಳೆಯೇ ಬಿಟ್ಟುಬಿಡಿ ಎಂದು ಹೇಳುವುದು ಸುಲಭ; ಸಾಲ, ಪರವಾನಗಿ, ಖಚಿತ ಮಾರುಕಟ್ಟೆಗಳ ನಡುವೆ ಸಿಲುಕಿದ ಕುಟುಂಬಕ್ಕೆ ಅದು ಸುಲಭವಲ್ಲ. ಹತ್ತಡಿ ಗೆಣಸಿನ ಮಡಿ ಹೊಗೆಸೊಪ್ಪಿನ ಆದಾಯಕ್ಕೆ ಪರ್ಯಾಯವೂ ಆಗದು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ನಗದು ಬೆಳೆ ಹೊಲವನ್ನು ಆಕ್ರಮಿಸಿದ ಮನೆಗಳಲ್ಲಿ ಹಿತ್ತಲೂ ಕ್ರಮೇಣ ಬರಿದಾಗಿದೆ. ಅಲ್ಲಿ ಬೆಳೆಯುತ್ತಿದ್ದ ಸೊಪ್ಪು, ಕಾಯಿ, ಗೆಡ್ಡೆಗಳನ್ನು ಈಗ ಹಣ ಕೊಟ್ಟು ತರಬೇಕಾಗಿದೆ. ಹರಾಜಿನ ಬೆಲೆ ಕುಸಿದ ವರ್ಷ ಆ ಮನೆಯ ಅಡುಗೆಯೂ ಕುಸಿಯುತ್ತದೆ. ಹಿತ್ತಲನ್ನು ಮತ್ತೆ ಊಟಕ್ಕೆ ಮೀಸಲಿಡುವುದು ಈ ಕಾರಣದಿಂದ ಗಂಭೀರ ವಿಚಾರ.

ಗೆಣಸು ಮತ್ತು ಕಾಡುಗೆಣಸು

‘ಗೆಣಸು’ ಎಂಬ ಒಂದೇ ಪದದಡಿ ಕನ್ನಡದಲ್ಲಿ ಹಲವು ಸಸ್ಯಗಳು ಸೇರಿಕೊಂಡಿವೆ. ಮರಗೆಣಸು ಒಂದು ಕುಟುಂಬ, ಹೆಗ್ಗೆಣಸು ಇನ್ನೊಂದು, ಸಿಹಿಗೆಣಸು ಮತ್ತೊಂದು. ಸಿಹಿಗೆಣಸು ಬೆಳಗಿನ ಹೊತ್ತು ಅರಳುವ ಆಲಿಕೆಯಾಕಾರದ ಹೂಬಳ್ಳಿಗಳ ಬಳಗಕ್ಕೆ ಸೇರಿದ್ದು. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಭಾರತಕ್ಕೆ ಇದನ್ನು ತಂದವರು ಪೋರ್ಚುಗೀಸರು. ಆಲೂಗೆಡ್ಡೆ ಉಬ್ಬಿದ ಕಾಂಡವಾದರೆ ಸಿಹಿಗೆಣಸು ಉಬ್ಬಿದ ಬೇರು. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಬೇಸಾಯದ ಅನೇಕ ನಿಯಮಗಳು ಇದರಿಂದಲೇ ಹುಟ್ಟುತ್ತವೆ.

ನಾಗರಹೊಳೆಯ ಕಾಡಿನಲ್ಲಿ ಜೇನುಕುರುಬರು, ಬೆಟ್ಟಕುರುಬರು ಅಗೆದು ತಿನ್ನುವ ನೂರೆಗೆಣಸು ಮೊದಲಾದವು ಹೆಗ್ಗೆಣಸಿನ ಬಳಗದವು. ಅವು ಈ ನೆಲದವೇ. ಗೆಡ್ಡೆ ತೆಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗಿಟ್ಟು ಮುಚ್ಚಿ ಬರುವ ಅವರ ಕ್ರಮ ಕಾಡಿನ ಬೇಸಾಯವೇ ಸರಿ. ಕಾಡಿನೊಳಗಿನ ಹಾಡಿಗಳಿಂದ ಪುನರ್ವಸತಿ ಕೇಂದ್ರಗಳಿಗೆ, ಕಾಡಂಚಿನ ಕಾಲೊನಿಗಳಿಗೆ ಬಂದ ಕುಟುಂಬಗಳಿಗೆ ಈ ಆಹಾರ ದೂರವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ವ್ಯಾಖ್ಯೆಯಲ್ಲಿ ಬೇರು ಮತ್ತು ಗೆಡ್ಡೆಗಳನ್ನು ಹೆಸರಿಸಿಯೇ ಸೇರಿಸಿದೆ. ಸಂಗ್ರಹದ ಸಾಂಪ್ರದಾಯಿಕ ಹಕ್ಕನ್ನು ಮಾನ್ಯಮಾಡಿದೆ. ಹಾಡಿಯ ಹಿತ್ತಲಿನಲ್ಲಿ ಸಿಹಿಗೆಣಸು ಬೆಳೆಯುವುದು ಆ ಹಕ್ಕಿಗೆ ಬದಲಿಯಾಗಬಾರದು. ಒಂದು ಕಾನೂನಿನಿಂದ ದೊರೆತ ಹಕ್ಕು, ಇನ್ನೊಂದು ಮನೆಯ ಅನುಕೂಲ. ಎರಡೂ ಜೊತೆಜೊತೆಗೆ ನಡೆಯಬೇಕಾದವು.

ತಳಿಯನ್ನು ಆರಿಸುವ ಮುನ್ನ

ಪಟ್ಟಿಯಲ್ಲಿ ಹೆಚ್ಚು ಇಳುವರಿ ತೋರಿಸಿದ ತಳಿಯನ್ನು ಆರಿಸುವುದು ಮಾರಾಟಗಾರನ ಕ್ರಮ. ಹಿತ್ತಲಿಗೆ ಬೇಕಾದ ಪ್ರಶ್ನೆಗಳು ಬೇರೆ: ತಿನ್ನುವವರು ಯಾರು? ಎಷ್ಟು ದಿನದಲ್ಲಿ ಕೀಳಬೇಕು? ಪಕ್ಕದ ಹೊಲದಲ್ಲಿ ಏನಿದೆ? ಹೇಗೆ ಬೇಯಿಸುತ್ತಾರೆ?

ಮೊದಲನೆಯದು ತಿನ್ನುವವರು. ಮನೆಯಲ್ಲಿ ಚಿಕ್ಕ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಇದ್ದರೆ ಕಿತ್ತಳೆ ಬಣ್ಣದ ತಿರುಳಿನ ತಳಿಯೊಂದು ಹಿತ್ತಲಿನಲ್ಲಿ ಇರಲೇಬೇಕು. ಆ ಬಣ್ಣಕ್ಕೆ ಕಾರಣವಾದ ಬೀಟಾ ಕ್ಯಾರೋಟಿನ್ ದೇಹದಲ್ಲಿ ‘ಎ’ ಜೀವಸತ್ವವಾಗುತ್ತದೆ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯಲ್ಲಿ 100 ಗ್ರಾಂ ತಾಜಾ ಗೆಣಸಿಗೆ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಇದೆ. ಸಾಮಾನ್ಯ ತಳಿಗಳಲ್ಲಿ ಅದು 2ರಿಂದ 3 ಮಿಲಿಗ್ರಾಂ. ಬೇಯಿಸುವಾಗ ಒಂದಿಷ್ಟು ನಷ್ಟವಾದರೂ ಇಂಥ ಒಂದು ಸಣ್ಣ ಗೆಣಸು ಚಿಕ್ಕ ಮಗುವಿನ ದಿನದ ಅಗತ್ಯವನ್ನು ಪೂರೈಸಬಲ್ಲದು. ಜೊತೆಗೆ ಸ್ವಲ್ಪ ತುಪ್ಪ, ಎಣ್ಣೆ ಅಥವಾ ಕಡಲೆಕಾಯಿ ಇದ್ದರೆ ಮಾತ್ರ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸಂಕ್ರಾಂತಿಯ ತಟ್ಟೆಯಲ್ಲಿ ಗೆಣಸಿನ ಪಕ್ಕ ಕಡಲೆಕಾಯಿ ಇರುವುದು ಎಷ್ಟು ಉಚಿತ ಎಂಬುದನ್ನು ಇಲ್ಲಿ ಗಮನಿಸಬಹುದು. ಆಫ್ರಿಕದ ಮೊಜಾಂಬಿಕ್, ಉಗಾಂಡಾ ಮೊದಲಾದ ದೇಶಗಳಲ್ಲಿ ಬಿಳಿ ಗೆಣಸಿನ ಜಾಗಕ್ಕೆ ಕಿತ್ತಳೆ ಗೆಣಸನ್ನು ತಂದು ಮಕ್ಕಳ ಪೋಷಣೆಗೆ ನೆರವಾದ ಮರಿಯಾ ಅಂದ್ರಾದೆ, ರಾಬರ್ಟ್ ಮ್ವಾಂಗಾ ಮತ್ತು ಜ್ಯಾನ್ ಲೋ ಅವರಿಗೆ, ಪೌಷ್ಟಿಕ ತಳಿಗಳ ಚಿಂತನೆಯನ್ನು ಬೆಳೆಸಿದ ಹಾವರ್ತ್ ಬೌಯಿಸ್ ಅವರೊಂದಿಗೆ, 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಎರಡನೆಯದು ಅವಧಿ. ‘ಶ್ರೀ ಕನಕ’ ಎಂಬ ಗಾಢ ಕಿತ್ತಳೆ ತಿರುಳಿನ ತಳಿ 75ರಿಂದ 85 ದಿನಗಳಲ್ಲೇ ಕೀಳಲು ಬರುತ್ತದೆ. ನೇರಳೆ ಸಿಪ್ಪೆ, ಕಿತ್ತಳೆ ತಿರುಳಿನ ‘ಶ್ರೀ ರತ್ನ’ಕ್ಕೆ 90ರಿಂದ 105 ದಿನ ಬೇಕು. ಗುಲಾಬಿ ಸಿಪ್ಪೆಯ ‘ಶ್ರೀ ಅರುಣ್’, ಕೆನೆಬಣ್ಣದ ಸಿಪ್ಪೆಯ ‘ಶ್ರೀ ವರುಣ್’ 90ರಿಂದ 100 ದಿನದ ತಳಿಗಳು. ಎರಡರ ತಿರುಳೂ ಕೆನೆಬಣ್ಣದ್ದು. ಕಿತ್ತಳೆ ತಿರುಳಿನ ‘ಗೌರಿ’ಗೆ ನಾಲ್ಕು ತಿಂಗಳು ಹಿಡಿಯುತ್ತದೆ. ಮಳೆ ಬೇಗ ಕೈಕೊಡುವ ಕಡೆ ಅಲ್ಪಾವಧಿಯ ತಳಿ ಕ್ಷೇಮ. ಕಾಡುಹಂದಿಯ ಕಾಟವಿರುವ ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಗೂ ಇದೇ ಮಾತು: ಗೆಣಸು ನೆಲದಲ್ಲಿ ಎಷ್ಟು ಕಡಿಮೆ ದಿನ ಇರುತ್ತದೆಯೋ ಅಷ್ಟು ಒಳ್ಳೆಯದು.

ಮೂರನೆಯದು ಪಕ್ಕದ ಹೊಲ. ಇದು ಈ ನಾಲ್ಕು ತಾಲ್ಲೂಕುಗಳಿಗೇ ವಿಶೇಷವಾಗಿ ಅನ್ವಯಿಸುವ ಪ್ರಶ್ನೆ. ಹೊಗೆಸೊಪ್ಪಿನ ಗಿಡವನ್ನು ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳು ಬೇರುಗಂಟು ಜಂತುಹುಳುವಿನ ಗುರುತು. ಮರಳುಮಿಶ್ರಿತ ಹಗುರ ಮಣ್ಣಿನಲ್ಲಿ ಈ ಜಂತು ಬಹಳ. ಅದು ಬದನೆ, ಟೊಮ್ಯಾಟೊಗಳನ್ನು ಹೇಗೋ ಹಾಗೆಯೇ ಗೆಣಸನ್ನೂ ಹಿಡಿಯುತ್ತದೆ. ‘ಶ್ರೀ ಭದ್ರ’ ಎಂಬ ತಿಳಿಗುಲಾಬಿ ಸಿಪ್ಪೆಯ, ಸುಮಾರು ಮೂರು ತಿಂಗಳ ತಳಿಗೆ ಇಲ್ಲಿ ಒಂದು ವಿಶೇಷ ಗುಣವಿದೆ. ಜಂತು ಅದರ ಬೇರಿನೊಳಗೆ ಹೊಗುತ್ತದೆ, ಆದರೆ ಅಲ್ಲಿ ಬೆಳೆದು ಸಂತಾನ ಮುಂದುವರಿಸಲಾರದು. ಹೀಗಾಗಿ ಆ ತಳಿ ತಾನು ಬದುಕುವುದಲ್ಲದೆ ಮಣ್ಣಿನಲ್ಲಿರುವ ಜಂತುವಿಗೆ ಬೋನಾಗಿಯೂ ಕೆಲಸ ಮಾಡುತ್ತದೆ. ಹೊಗೆಸೊಪ್ಪು ಬೆಳೆದಿದ್ದ ನೆಲವನ್ನು ಹಿತ್ತಲ ತೋಟವಾಗಿ ಪರಿವರ್ತಿಸುವವರು ಮೊದಲ ವರ್ಷ ಈ ತಳಿಯಿಂದ ಆರಂಭಿಸುವುದು ವಿವೇಕ.

ನಾಲ್ಕನೆಯದು ಅಡುಗೆ. ಕೆಲವು ಗೆಣಸು ಬೆಂದಾಗ ಹಿಟ್ಟುಹಿಟ್ಟಾಗಿ ಒಡೆಯುತ್ತದೆ. ಕೆಲವು ಮೆತ್ತಗೆ, ನೀರುನೀರಾಗಿರುತ್ತದೆ. ಹಿಟ್ಟಿನ ಅಂಶ ಹೆಚ್ಚಿದ್ದರೆ ಮೊದಲನೆಯ ಗುಣ. ಸುಟ್ಟು ತಿನ್ನಲು, ಹೋಳಿಗೆಯ ಹೂರಣಕ್ಕೆ ಹಿಟ್ಟಿನ ಗೆಣಸನ್ನು ಜನ ಮೆಚ್ಚುತ್ತಾರೆ. ಹುಳಿಗೆ, ಪಲ್ಯಕ್ಕೆ ಯಾವುದಾದರೂ ನಡೆಯುತ್ತದೆ. ಕಿತ್ತಳೆ ತಳಿಗಳಲ್ಲಿ ಹಲವು ಮೆದು. ‘ನಮ್ಮ ಗೆಣಸಿನ ಹಾಗಿಲ್ಲ’ ಎಂದು ಮನೆಯ ಹಿರಿಯರು ಪಕ್ಕಕ್ಕಿಡುವುದು ಇದರಿಂದಲೇ. ಅವರ ಮಾತನ್ನು ತಳ್ಳಿಹಾಕದೆ, ಹಿರಿಯರ ರುಚಿಗೆ ಹಳೆಯ ತಳಿಯೊಂದನ್ನೂ ಮಕ್ಕಳ ಪೋಷಣೆಗೆ ಕಿತ್ತಳೆ ತಳಿಯೊಂದನ್ನೂ ಅಕ್ಕಪಕ್ಕ ಬೆಳೆಯುವುದೇ ಸರಿಯಾದ ದಾರಿ.

ನೇರಳೆ ತಿರುಳಿನ ‘ಭೂ ಕೃಷ್ಣ’ದ ಬಗ್ಗೆ ಇತ್ತೀಚೆಗೆ ಕುತೂಹಲ ಹೆಚ್ಚಿದೆ. ಅದರಲ್ಲಿ 100 ಗ್ರಾಂಗೆ ಸುಮಾರು 90 ಮಿಲಿಗ್ರಾಂ ಆಂಥೋಸಯನಿನ್ ಎಂಬ ನೇರಳೆ ವರ್ಣದ್ರವ್ಯವಿದೆ. ‘ಭೂ ಸೋನಾ’ದಂತೆ ಇದೂ 2017ರಲ್ಲಿ ಬಿಡುಗಡೆಯಾದದ್ದು, ಎರಡನ್ನೂ ಮುಖ್ಯವಾಗಿ ಒಡಿಶಾಕ್ಕೆ ಶಿಫಾರಸು ಮಾಡಲಾಗಿತ್ತು. ಆದ್ದರಿಂದ ಇಲ್ಲಿಯ ಮಣ್ಣು-ಮಳೆಗೆ ಅವು ಹೇಗೆ ಒಗ್ಗುತ್ತವೆ ಎಂಬುದನ್ನು ಪ್ರತಿ ಊರೂ ಒಂದೊಂದು ಸಾಲು ನೆಟ್ಟು ನೋಡಿಯೇ ತಿಳಿಯಬೇಕು. ಬಣ್ಣವನ್ನು ನೋಡಿ ಔಷಧಿಯೆಂದು ನಂಬುವುದು ಬೇಡ. ಯಾವ ಬಣ್ಣದ್ದಾದರೂ ಗೆಣಸು ಮೂಲತಃ ಪಿಷ್ಟದ ಆಹಾರ. ಸಕ್ಕರೆ ಕಾಯಿಲೆಯವರು ಅದನ್ನು ಅನ್ನ ಅಥವಾ ಮುದ್ದೆಯ ಒಂದು ಭಾಗಕ್ಕೆ ಬದಲಾಗಿ ತಿನ್ನಬೇಕೇ ಹೊರತು ಅವುಗಳ ಮೇಲೆ ಹೆಚ್ಚುವರಿಯಾಗಿ ಅಲ್ಲ.

ಬೆಳೆಯುವ ಕ್ರಮ

ಸಂಕ್ರಾಂತಿಗೆ ಗೆಣಸು ಬೇಕಾದರೆ ಹಿಂದಕ್ಕೆ ಎಣಿಸಬೇಕು. ಜನವರಿ 14ರಿಂದ 120 ದಿನ ಹಿಂದೆ ಹೋದರೆ ಸೆಪ್ಟೆಂಬರ್ ಮಧ್ಯ, ಅಂದರೆ ಉತ್ತರೆ ಮಳೆಯ ಆರಂಭ. ನಾಲ್ಕು ತಿಂಗಳ ತಳಿಯನ್ನು ಆಗ ನೆಡಬೇಕು. ಮೂರು ತಿಂಗಳ ತಳಿಯನ್ನು ಹಸ್ತ, ಚಿತ್ತ ಮಳೆಗಳವರೆಗೂ ನೆಡಬಹುದು. ಹೊಗೆಸೊಪ್ಪಿನ ಮನೆಗಳಿಗೆ ಈ ಹಿಂಗಾರಿನ ಸಮಯವೇ ಅನುಕೂಲ, ಏಕೆಂದರೆ ಬ್ಯಾರನ್ನಿನ ಕೆಲಸ ಆ ಹೊತ್ತಿಗೆ ಇಳಿಮುಖವಾಗಿರುತ್ತದೆ. ಮುಂಗಾರಿನಲ್ಲಿ ನೆಡುವವರು ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ನೆಡಬಹುದು. ಆದರೆ ಕಳೆ ತೆಗೆಯಲು ಕೈಗಳಿರುತ್ತವೆಯೇ ಎಂದು ಮೊದಲೇ ಯೋಚಿಸಬೇಕು.

ಮಣ್ಣನ್ನು ಒಂದು ಅಡಿ ಆಳಕ್ಕೆ ಅಗೆದು, ಎರಡು ಅಡಿಗೊಂದರಂತೆ ಏರುಬದು ಕಟ್ಟಬೇಕು. ಕೆ.ಆರ್. ನಗರದ ನಾಲೆಯ ಕೆಳಗಿನ ಹಿತ್ತಲುಗಳಲ್ಲಿ ಬದು ಇನ್ನೂ ಎತ್ತರವಿರಲಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಹತ್ತಡಿ ಚೌಕದಲ್ಲಿ ಐದು ಬದುಗಳಾಗುತ್ತವೆ. ಬದುವಿನ ಮೇಲೆ 8 ಅಂಗುಲಕ್ಕೊಂದರಂತೆ ನೆಟ್ಟರೆ ಒಂದು ಬದುವಿಗೆ 15, ಒಟ್ಟು 75 ಬಳ್ಳಿತುಂಡುಗಳು ಸಾಕು. ಉತ್ತಮ ತಳಿಗಳ ಇಳುವರಿ ಹೆಕ್ಟೇರಿಗೆ 18 ಟನ್ ಎಂದು ಹಿಡಿದರೆ ಈ ಚೌಕಕ್ಕೆ 15 ಕಿಲೋಗಿಂತ ಹೆಚ್ಚಾಗುತ್ತದೆ. ಅದರ ಅರ್ಧ ಬಂದರೂ ಒಂದು ಕುಟುಂಬಕ್ಕೆ ಹಲವು ದಿನಗಳ ಉಪಾಹಾರ.

ನೆಡಲು ಬಳ್ಳಿಯ ತುದಿಭಾಗ ಅಥವಾ ನಡುಭಾಗ ಆಗಬೇಕು. ಬುಡದ ಒರಟು ಭಾಗ ಬೇಡ, ಅಲ್ಲಿ ಮೂತಿಹುಳುವಿನ ಮೊಟ್ಟೆಗಳಿರುವ ಸಂಭವ ಹೆಚ್ಚು. ಒಂದು ಗೇಣಿಗಿಂತ ತುಸು ಉದ್ದದ, ನಾಲ್ಕೈದು ಗೆಣ್ಣುಗಳಿರುವ ತುಂಡುಗಳು ಸೂಕ್ತ. ಎಲೆಸಹಿತ ಬಳ್ಳಿಗಳನ್ನು ಕತ್ತರಿಸಿ, ಕಂತೆ ಕಟ್ಟಿ, ಎರಡು ದಿನ ನೆರಳಿನಲ್ಲಿಟ್ಟು ಆಮೇಲೆ ನೆಟ್ಟರೆ ಬೇರು ಬೇಗ ಬಿಡುತ್ತದೆ. ಎರಡು ಮೂರು ಗೆಣ್ಣುಗಳು ಮಣ್ಣಿನೊಳಗೆ, ಎರಡು ಹೊರಗೆ ಇರುವಂತೆ ನೆಡಬೇಕು. ಗೆಣ್ಣಿನಲ್ಲಿ ಹೊರಡುವ ಬೇರೇ ಮುಂದೆ ಗೆಣಸಾಗುವುದರಿಂದ ಗೆಣ್ಣು ಮುರಿಯದಂತೆ ನೋಡಿಕೊಳ್ಳಬೇಕು.

ಗೊಬ್ಬರದ ವಿಷಯದಲ್ಲಿ ಅತಿಯಾಸೆ ಬೇಡ. ಸಗಣಿಗೊಬ್ಬರ, ಯೂರಿಯಾ ಅತಿಯಾದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಕೆಳಗೆ ಏನೂ ಇರುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಪ್ರತಿ ಬದುವಿಗೆ ಅರ್ಧ ಮಂಕರಿ ಸಾಕು. ಗೆಣಸು ದಪ್ಪವಾಗಲು ಬೇಕಾದದ್ದು ಪೊಟ್ಯಾಷ್. ಸೌದೆಯ ಬೂದಿಯಲ್ಲಿ ಅದು ಹೇರಳವಾಗಿದೆ. ಒಲೆಯ ಬೂದಿಯನ್ನು ಬದುವಿಗೆ ತೆಳುವಾಗಿ ಎರಚಿ ಮಣ್ಣಿಗೆ ಬೆರೆಸಬಹುದು. ಆದರೆ ಹೊಗೆಸೊಪ್ಪಿನ ಬುಡಗಳನ್ನು ತಿಪ್ಪೆಗೆ ಹಾಕಿ ಆ ಗೊಬ್ಬರವನ್ನು ಹಿತ್ತಲಿಗೆ ತರಬಾರದು. ಗಂಟುಬೇರಿನೊಡನೆ ಜಂತುವೂ ಬರುತ್ತದೆ. ಕೊಯ್ಲು ಮುಗಿದೊಡನೆ ಆ ಬುಡಗಳನ್ನು ಕಿತ್ತು ಒಣಗಿಸಿ ಸುಡುವುದೇ ಸರಿ. ಔಷಧಿ ಸಿಂಪಡಿಸುವ ಹೊಗೆಸೊಪ್ಪಿನ ಹೊಲಕ್ಕೆ ತಾಗಿದಂತೆ ಗೆಣಸನ್ನು ಬೆಳೆಯದಿರುವುದೂ ಮುಖ್ಯ, ಏಕೆಂದರೆ ಅದರ ಎಳೆಯ ಕುಡಿಗಳನ್ನು ಸೊಪ್ಪಾಗಿ ಬೇಯಿಸಿ ತಿನ್ನಬಹುದು, ಬಳ್ಳಿ ದನಕ್ಕೆ ಒಳ್ಳೆಯ ಹಸಿಮೇವು.

ಮೊದಲ ಒಂದೂವರೆ ತಿಂಗಳು ಕಳೆ ತೆಗೆಯಬೇಕು. ಎರಡನೆಯ ವಾರ ಮತ್ತು ಐದನೆಯ ವಾರ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸಬೇಕು. ಆಮೇಲೆ ಬಳ್ಳಿಯೇ ನೆಲ ಮುಚ್ಚಿ ಕಳೆಯನ್ನು ಅಡಗಿಸುತ್ತದೆ. ಹಬ್ಬಿದ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಟ್ಟರೆ ಶಕ್ತಿ ಹಂಚಿಹೋಗುತ್ತದೆ. ಆಗಾಗ ಬಳ್ಳಿಯನ್ನು ಮೆಲ್ಲನೆ ಎತ್ತಿ ಅದೇ ಜಾಗದಲ್ಲಿ ಬಿಡಬೇಕು.

ಮೂತಿಹುಳು ಮತ್ತು ಹಂದಿ

ಗೆಣಸಿನ ದೊಡ್ಡ ಶತ್ರು ಮೂತಿಹುಳು. ಇರುವೆಯಂತೆ ಕಾಣುವ ಈ ಸಣ್ಣ ಹುಳು ಮಣ್ಣನ್ನು ಅಗೆಯಲಾರದು. ಗೆಣಸು ದಪ್ಪವಾಗುತ್ತ ಬದು ಬಿರುಕು ಬಿಟ್ಟಾಗ ಆ ಬಿರುಕಿನಲ್ಲಿ ಇಳಿಯುತ್ತದೆ. ಹಾಗಾದರೆ ಪರಿಹಾರವೂ ಅಲ್ಲೇ ಇದೆ: ಎರಡು ತಿಂಗಳು ತುಂಬಿದಾಗ ಮತ್ತೊಮ್ಮೆ ಮಣ್ಣೇರಿಸಿ ಬಿರುಕು ಮುಚ್ಚಬೇಕು, ಸೊಪ್ಪಿನ ಹೊದಿಕೆ ಹಾಕಿ ಬದು ಒಣಗದಂತೆ ಕಾಯಬೇಕು. ಸಂಶೋಧನಾ ಸಂಸ್ಥೆ ಸೂಚಿಸುವ ಇನ್ನೊಂದು ಸರಳ ಉಪಾಯವೆಂದರೆ ಗೆಣಸಿನ ಹೋಳುಗಳನ್ನು ಅಲ್ಲಲ್ಲಿ ಇಟ್ಟು, ಅದಕ್ಕೆ ಮುತ್ತಿದ ಹುಳುಗಳನ್ನು ಹೆಕ್ಕಿ ನಾಶಮಾಡುವುದು. ಗಂಡು ಹುಳುಗಳನ್ನು ಸೆಳೆಯುವ ಮೋಹಕ ಬಲೆಗಳೂ ಇವೆ. ಅದೇ ಮಡಿಯಲ್ಲಿ ಮತ್ತೆ ಮತ್ತೆ ಗೆಣಸು ನೆಡದೆ ರಾಗಿ, ಅವರೆ, ಚೆಂಡುಹೂಗಳ ಸರದಿ ಮಾಡಬೇಕು. ಚೆಂಡುಹೂವಿನಿಂದ ಬೇರುಗಂಟು ಜಂತುವೂ ತಗ್ಗುತ್ತದೆ. ಹುಳು ಕೊರೆದ ಗೆಣಸು ಕಹಿಯಾಗುತ್ತದೆ. ಅದನ್ನು ಜನ ತಿನ್ನಬಾರದು. ಬೂಸ್ಟು ಹಿಡಿದ, ಕೊಳೆತ ಗೆಣಸನ್ನು ದನಕ್ಕೂ ಹಾಕಬಾರದು, ಅದರಲ್ಲಿರುವ ವಿಷ ದನದ ಶ್ವಾಸಕೋಶಕ್ಕೆ ಹಾನಿಮಾಡುತ್ತದೆ.

ಹಂದಿ, ಮುಳ್ಳುಹಂದಿಗಳ ಹಾವಳಿಗೆ ಪೂರ್ಣ ಪರಿಹಾರ ಯಾರಲ್ಲಿಯೂ ಇಲ್ಲ. ಮಡಿ ಮನೆಗೆ ಹತ್ತಿರವಿರಲಿ, ಮುಳ್ಳುಬೇಲಿ ಒತ್ತಾಗಿರಲಿ, ಬಲಿತೊಡನೆ ಕೀಳಲಿ. ಉರುಲು ಮತ್ತು ವಿದ್ಯುತ್ ತಂತಿಗಳ ಮಾತೇ ಬೇಡ. ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಂದಿಗೆ ಒಡ್ಡಿದ ತಂತಿಗೆ ಆನೆಯೋ ಮನೆಯ ಮಗುವೋ ಬಲಿಯಾಗಬಹುದು.

ಕೀಳುವುದು, ಇಡುವುದು, ಸುಡುವುದು

ಗೆಣಸು ಬಲಿತಿದೆಯೇ ಎಂದು ನೋಡಲು ಒಂದನ್ನು ಕತ್ತರಿಸಬೇಕು. ಕೊಯ್ದ ಜಾಗದ ಹಾಲು ಬೇಗ ಒಣಗಿ ಬಿಳಿಯಾಗಿಯೇ ಉಳಿದರೆ ಬಲಿತಿದೆ. ಹಸಿರು-ಕಪ್ಪಾದರೆ ಇನ್ನೂ ಕಾಯಬೇಕು. ಕಿತ್ತ ಗೆಣಸನ್ನು ತೊಳೆಯದೆ, ನೆರಳಿನ ಬೆಚ್ಚಗಿನ ಜಾಗದಲ್ಲಿ ಗೋಣಿ ಹೊದಿಸಿ ನಾಲ್ಕೈದು ದಿನ ಇಟ್ಟರೆ ಗಾಯಗಳು ಮಾಯುತ್ತವೆ, ಹೆಚ್ಚು ಕಾಲ ಬಾಳುತ್ತದೆ, ಸಿಹಿಯೂ ಏರುತ್ತದೆ. ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬಾರದು. ಚಳಿಗೆ ತಿರುಳು ಗಟ್ಟಿಯಾಗಿ ಕೆಡುತ್ತದೆ.

ಕೆಂಡದ ಬೂದಿಯಲ್ಲಿ ಹುದುಗಿಸಿಟ್ಟ ಗೆಣಸು ಬೇಯಿಸಿದ್ದಕ್ಕಿಂತ ಸಿಹಿ ಎಂಬುದು ಎಲ್ಲರ ಅನುಭವ. ಇದಕ್ಕೆ ಕಾರಣವಿದೆ. ಗೆಣಸಿನಲ್ಲೇ ಇರುವ ಕಿಣ್ವವೊಂದು ಹದವಾದ ಬಿಸಿಯಲ್ಲಿ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಬಿಸಿ ನಿಧಾನವಾಗಿ ಏರಿದಷ್ಟೂ ಆ ಕಿಣ್ವಕ್ಕೆ ಹೆಚ್ಚು ಸಮಯ ಸಿಗುತ್ತದೆ. ಕುಕ್ಕರಿನಲ್ಲಿ ಅವಸರದಿಂದ ಬೇಯಿಸಿದಾಗ ಅಷ್ಟು ಸಮಯ ಸಿಗುವುದಿಲ್ಲ.

ಬಳ್ಳಿ ಯಾರ ಕೈಯಲ್ಲಿ?

ಎಲ್ಲಕ್ಕಿಂತ ಮುಖ್ಯವಾದ ವಿಚಾರ ಇದು. ರಾಗಿಯ ಬೀಜವನ್ನು ಬೂದಿ ಬೆರೆಸಿ ಎರಡು ವರ್ಷ ಇಡಬಹುದು. ಗೆಣಸಿಗೆ ಅಂಥ ವಿರಾಮವಿಲ್ಲ. ಅದು ಹೂಬಿಟ್ಟು ಬೀಜ ಕಟ್ಟಿದರೂ ಆ ಬೀಜದಿಂದ ಹುಟ್ಟುವ ಪ್ರತಿಯೊಂದು ಗಿಡವೂ ತಾಯಿಗಿಂತ ಬೇರೆ. ತಳಿ ಮುಂದುವರಿಯಲು ಇರುವ ದಾರಿ ಬಳ್ಳಿಯೊಂದೇ. ಫೆಬ್ರವರಿಯಿಂದ ಮೇವರೆಗಿನ ಬಿಸಿಲಿನಲ್ಲಿ ಯಾರೋ ಒಬ್ಬರು ಆ ಬಳ್ಳಿಗೆ ನೀರು ಹಾಕಿ ಬದುಕಿಸಿಟ್ಟಿದ್ದರೆ ಮಾತ್ರ ತಳಿ ಇದೆ. ಊರಿನ ಎಲ್ಲ ಮನೆಗಳೂ ಒಂದೇ ಬೇಸಗೆಯಲ್ಲಿ ಮರೆತರೆ ಆ ಊರಿನ ಮಟ್ಟಿಗೆ ತಳಿ ಮುಗಿಯಿತು. ಹಳೆಯ ಕೆಂಪು ಗೆಣಸು, ಬಿಳಿ ಗೆಣಸುಗಳು ಹಿತ್ತಲುಗಳಿಂದ ಮರೆಯಾಗುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಪಾತ್ರೆ ತೊಳೆದ ನೀರನ್ನು ಬಳ್ಳಿಯ ಬುಡಕ್ಕೆ ಹಾಯಿಸುತ್ತಿದ್ದ ಅಜ್ಜಿಯ ಕಾಲವಾದ ಮೇಲೆ ಆ ಕೆಲಸವನ್ನು ಇನ್ನೊಬ್ಬರು ವಹಿಸಿಕೊಳ್ಳದಿದ್ದರೆ ಅಷ್ಟು ಸಾಕು.

ಆದ್ದರಿಂದ ಕೀಳುವ ದಿನವೇ ಮುಂದಿನ ವರ್ಷದ ವ್ಯವಸ್ಥೆ ಆಗಬೇಕು. ಆರೋಗ್ಯವಂತ ಬುಡದಿಂದ ಹತ್ತು ತುದಿಬಳ್ಳಿಗಳನ್ನು ಕತ್ತರಿಸಿ ಬಚ್ಚಲ ನೀರು ಹರಿಯುವ ಕಡೆ, ಬಾಳೆಯ ಅರೆನೆರಳಿನಲ್ಲಿ ನೆಡಬೇಕು. ಹುಳುವಿಲ್ಲದ ನಾಲ್ಕೈದು ಮಧ್ಯಮ ಗೆಣಸುಗಳನ್ನು ಒಣಮರಳಿನಲ್ಲಿಟ್ಟುಕೊಂಡು, ನಾಟಿಗೆ ಮೂರು ತಿಂಗಳು ಮುಂಚೆ ಮಣ್ಣಿನಲ್ಲಿ ಹೂಳುವುದು ಎರಡನೆಯ ದಾರಿ. ಸುಮಾರು ಒಂದೂವರೆ ತಿಂಗಳಲ್ಲಿ ಕುಡಿಗಳು ಕತ್ತರಿಸಲು ಬರುತ್ತವೆ, ಅವನ್ನು ಇನ್ನೊಂದು ಸಣ್ಣ ಮಡಿಯಲ್ಲಿ ಬೆಳೆಸಿದರೆ ನಾಟಿಯ ಹೊತ್ತಿಗೆ ಸಾಕಷ್ಟು ಬಳ್ಳಿ ಸಿಗುತ್ತದೆ. ಎರಡನ್ನೂ ಮಾಡಿದವರಿಗೆ ನಷ್ಟದ ಭಯ ಕಡಿಮೆ.

ಹೊಸ ತಳಿಗಳಿಗೆ ಶ್ರೀಕಾರ್ಯಂನ ಸಂಸ್ಥೆಯನ್ನು ಸಂಪರ್ಕಿಸಬಹುದು. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಕೇಳಬಹುದು. ಸಹಜ ಸಮೃದ್ಧ ಸಂಸ್ಥೆ ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ನಡೆಸಿದ ಗೆಡ್ಡೆ-ಗೆಣಸು ಮೇಳಗಳಂಥ ಕಡೆ ಹಲವು ಬಗೆಯ ಗೆಡ್ಡೆಗಳನ್ನು ಒಟ್ಟಿಗೆ ನೋಡಲು ಅವಕಾಶವಿರುತ್ತದೆ. ಉತ್ತರ ಕನ್ನಡದ ಜೊಯಿಡಾದಲ್ಲಿ ಕುಣಬಿ ಜನರು ತಮ್ಮ ಗೆಡ್ಡೆಗಳನ್ನು ಮೇಳಕ್ಕೆ ತಂದು ಹೆಮ್ಮೆಯಿಂದ ಪ್ರದರ್ಶಿಸುವುದು, ರಾಜ್ಯದಲ್ಲಿ ಅತಿ ಹೆಚ್ಚು ಗೆಣಸು ಬೆಳೆಯುವ ಬೆಳಗಾವಿ ಸೀಮೆಯ ರೈತರ ಅನುಭವ, ಇವೆರಡರಿಂದಲೂ ಇಲ್ಲಿಯವರು ಕಲಿಯುವುದಿದೆ. ಆದರೆ ಹೊರಗಿನಿಂದ ಬಳ್ಳಿ ತರುವ ಮುನ್ನ ಊರೊಳಗೇ ಹುಡುಕಬೇಕು. ಇಲ್ಲಿ ಉಳಿದಿರುವ ಹಳೆಯ ಬಳ್ಳಿ ಈ ನೆಲದ ಬಿಸಿಲು, ಬರ, ಹುಳುಗಳನ್ನು ದಾಟಿ ಬಂದದ್ದು.

ಇದು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ. ತಮ್ಮ ಊರಿನ, ಹಾಡಿಯ ಪ್ರತಿ ಹಿತ್ತಲನ್ನೂ ಏಪ್ರಿಲ್ ತಿಂಗಳಲ್ಲಿ ಒಮ್ಮೆ ಸುತ್ತಿ, ಯಾವ ಮನೆಯಲ್ಲಿ ಗೆಣಸಿನ ಬಳ್ಳಿ ಜೀವಂತವಾಗಿದೆ, ಆ ಮನೆಯವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಸಿಪ್ಪೆ ಮತ್ತು ತಿರುಳಿನ ಬಣ್ಣ ಯಾವುದು, ಎಷ್ಟು ದಿನಕ್ಕೆ ಕೀಳುತ್ತಾರೆ, ಎಲ್ಲಿಂದ ಬಂತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಬರೆಯುವ ಮುನ್ನ ಮನೆಯವರ ಒಪ್ಪಿಗೆ ಕೇಳಲಿ. ಆ ಜ್ಞಾನ ಅವರದು. ಶಾಲೆಯ ಕೈತೋಟದ ಒಂದು ಬದಿಯಲ್ಲಿ ಪ್ರತಿ ತಳಿಯ ಹತ್ತು ಬಳ್ಳಿಗಳಿದ್ದರೆ, ಬೇಸಗೆ ರಜೆಯಲ್ಲಿ ನೀರು ಹಾಕುವ ಸರದಿಯನ್ನು ಮೊದಲೇ ಗೊತ್ತುಮಾಡಿದ್ದರೆ, ಊರಿಗೆ ಒಂದು ಬಳ್ಳಿಭಂಡಾರವಾಗುತ್ತದೆ. ಬಳ್ಳಿ ಒಯ್ದವರು ಮರುವರ್ಷ ಎರಡರಷ್ಟು ಹಿಂದಿರುಗಿಸುವ ಒಪ್ಪಂದವಿರಲಿ.

ಮನೆಯವರು ಮಾಡಬೇಕಾದದ್ದು ಇನ್ನೂ ಸರಳ. ಪ್ರತಿ ಹಿತ್ತಲಿನಲ್ಲಿ ಕನಿಷ್ಠ ಎರಡು ತಳಿಗಳಿರಲಿ: ಊರಿನ ಹಳೆಯದೊಂದು, ಮಕ್ಕಳಿಗಾಗಿ ಕಿತ್ತಳೆ ತಿರುಳಿನದೊಂದು. ನೆರೆಯ ಮನೆಯಲ್ಲಿ ಬೇರೆ ಎರಡಿರಲಿ. ಒಂದು ಮನೆಯಲ್ಲಿ ಒಣಗಿದರೆ ಇನ್ನೊಂದು ಮನೆಯಿಂದ ತರಬಹುದು. ಮುಂದಿನ ಉತ್ತರೆ ಮಳೆಗೆ ಬಳ್ಳಿ ಸಿದ್ಧವಿರಬೇಕಾದರೆ ಗೆಣಸನ್ನು ಮಣ್ಣಿಗೆ ಹಾಕುವ ಕೆಲಸ ಮೃಗಶಿರಾ ಮಳೆಯೊಳಗೆ ಆಗಬೇಕು. ಹೊಗೆಸೊಪ್ಪಿನ ನಾಟಿಯ ಗಡಿಬಿಡಿಯಲ್ಲಿ ಅದಕ್ಕೆ ಬೇಕಾಗುವುದು ಒಂದು ಬೆಳಗಿನ ಹೊತ್ತು ಮಾತ್ರ.